ಸಿಪಾಯಿಯ ಹಣೆಯೂ ಕುಂಪಣಿಯ ಅಪ್ಪಣೆಯೂ

೧೮೦೬ನೆಯ ಇಸವಿ ಮಾರ್ಚ್ ೧೩ರಂದು ಮದರಾಸಿನ ಕುಂಪಣಿ ಸರಕಾರದ ಸೈನ್ಯಕ್ಕೆ ಒಂದು ಹೊಸ ನಿಯಮಾವಳಿ ಬಂದಿತು. ಸೈನ್ಯದ ನಿತ್ಯ ವ್ಯವಹಾರಕ್ಕೆ ಸೇರಿದ ನೂರೆಂಟು ಸಂಗತಿಗಳನ್ನೊಳಗೊಂಡ ಆ ಸಂಕಲನದಲ್ಲಿ ಹನ್ನೊಂದನೆಯ ಪ್ರಕರಣದ ಹತ್ತನೆಯ ಕಲಮು ಬಹಳ ಚಿಕ್ಕದು. ಅದರ ತಾತ್ಪರ್ಯ ಇಷ್ಟೆ: ಸಮವಸ್ತ್ರ ತೊಟ್ಟಿರುವಾಗ ದೇಶೀ ಸಿಪಾಯಿ ತನ್ನ ಜಾತಿಯನ್ನು ಸೂಚಿಸುವ ಗುರುತನ್ನು ಮುಖದ ಮೇಲೆ ಇಟ್ಟುಕೊಳ್ಳಕೂಡದು, ಕಿವಿಗೆ ಒಂಟಿ ಹಾಕಕೂಡದು, ಕವಾಯತಿಗಾಗಲಿ ಪಹರೆಗಾಗಲಿ ಬರುವಾಗ ಗಲ್ಲವನ್ನು ನುಣ್ಣಗೆ ಬೋಳಿಸಿರಬೇಕು, ಮೀಸೆಯ ಪ್ರಮಾಣದಲ್ಲಿಯೂ ಆಕಾರದಲ್ಲಿಯೂ ಆದಷ್ಟು ಮಟ್ಟಿಗೆ ಎಲ್ಲರೂ ಒಂದೇ ತೆರನಾಗಿರಬೇಕು.

ಓದುವುದಕ್ಕೆ ಇದು ಹಜಾಮನಿಗೆ ಕೊಟ್ಟ ಸೂಚನೆಯಂತಿದೆ. ಆದರೆ ಇದು ಹೊರಟು ನಾಲ್ಕು ತಿಂಗಳು ತುಂಬುವ ಮೊದಲೇ, ಜುಲೈ ೧೦ರ ನಸುಕಿನಲ್ಲಿ, ವೆಲ್ಲೂರಿನ ಕೋಟೆಯೊಳಗೆ ಸಿಪಾಯಿಗಳು ತಮ್ಮ ಮೇಲಧಿಕಾರಿಗಳ ಮೇಲೆ ಬಂದೂಕು ತಿರುಗಿಸಿದರು. ಮಧ್ಯಾಹ್ನವಾಗುವಷ್ಟರಲ್ಲಿ ಕೋಟೆಯ ಅಂಗಳದಲ್ಲಿ ನೂರಾರು ಹೆಣಗಳು ಬಿದ್ದಿದ್ದವು. ಒಂದು ರುಮಾಲು, ಒಂದು ನಾಮ, ಒಂದು ಹಿಡಿ ಗಡ್ಡ, ಇಷ್ಟಕ್ಕಾಗಿ ಇಷ್ಟು ಜನ ಸಾಯುವುದುಂಟೆ ಎಂದು ವಾಚಕರು ಕೇಳಬಹುದು. ಆ ಪ್ರಶ್ನೆಯನ್ನು ಅಂದಿನ ಅಧಿಕಾರಿಗಳೂ ಕೇಳಿಕೊಂಡರು. ಆದರೆ ಹೆಣಗಳು ಬಿದ್ದ ಮೇಲೆ ಕೇಳಿಕೊಂಡರು. ಮೊದಲೇ ಕೇಳಿದ್ದರೆ ಏನಾಗುತ್ತಿತ್ತೆಂಬುದೇ ಈ ಲೇಖನದ ವಿಷಯ.

ಏಕರೂಪದ ಆಸೆ

ಅಪ್ಪಣೆ ಹೊರಡಿಸಿದವರನ್ನು ಮೂರ್ಖರೆಂದೋ ದುಷ್ಟರೆಂದೋ ತಳ್ಳಿಬಿಡುವುದು ಸುಲಭ. ಆದರೆ ಅದು ನ್ಯಾಯವಲ್ಲ. ಆಗ ಮದರಾಸಿನ ಗವರ್ನರ್ ಲಾರ್ಡ್ ವಿಲಿಯಂ ಬೆಂಟಿಂಕ್. ಸೇನಾಧಿಪತಿ ಸರ್ ಜಾನ್ ಕ್ರ್ಯಾಡಕ್. ಕ್ರ್ಯಾಡಕ್ ಅಧಿಕಾರ ವಹಿಸಿಕೊಂಡಾಗ ಮದರಾಸಿನ ಸೈನ್ಯಕ್ಕೆ ಒಂದು ಕ್ರಮವಾದ ನಿಯಮಾವಳಿಯೇ ಇರಲಿಲ್ಲ. ಒಂದೊಂದು ಪಟಾಲಮಿನಲ್ಲಿ ಒಂದೊಂದು ರೂಢಿ. ಚೆದುರಿಹೋಗಿದ್ದ ಹಳೆಯ ಆಜ್ಞೆಗಳನ್ನೆಲ್ಲ ಕೂಡಿಸಿ ಒಂದು ಸಂಹಿತೆ ಮಾಡಬೇಕೆಂದು ಆತ ಬಯಸಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ. ಸೈನ್ಯವೆಂದರೆ ಏಕರೂಪತೆ. ಸಾಲಿನಲ್ಲಿ ನಿಂತವರಲ್ಲಿ ಇವನು ಬೇರೆ, ಅವನು ಬೇರೆ ಎಂದು ಕಾಣಬಾರದು. ಒಬ್ಬನ ಹೆಜ್ಜೆ ಇನ್ನೊಬ್ಬನ ಹೆಜ್ಜೆ, ಒಬ್ಬನ ಅಂಗಿ ಇನ್ನೊಬ್ಬನ ಅಂಗಿ. ಹೆಜ್ಜೆಗೂ ಅಂಗಿಗೂ ಒಪ್ಪಿದ ಸಿಪಾಯಿ ಮೀಸೆಗೆ ಯಾಕೆ ಒಪ್ಪಬಾರದು ಎಂಬುದು ಅವರ ತರ್ಕ. ಯುರೋಪಿನ ಸೈನ್ಯಗಳಲ್ಲೆಲ್ಲ ನಡೆಯುತ್ತಿದ್ದ ತರ್ಕವೇ ಅದು.

ಇದಕ್ಕೂ ಮುಂಚೆ, ೧೮೦೫ರ ನವೆಂಬರಿನಲ್ಲಿ, ಹೊಸ ರುಮಾಲಿನ ಅಪ್ಪಣೆ ಹೊರಟಿತ್ತು. ರುಮಾಲೆಂದು ಹೆಸರೇ ಹೊರತು ನೋಟಕ್ಕೆ ಅದು ಪರಂಗಿಗಳ ಗುಂಡು ಟೊಪ್ಪಿಗೆಯಂತಿತ್ತು. ಅದರ ಮೇಲೆ ತೊಗಲಿನ ಒಂದು ಬಿಲ್ಲೆ. ಹಳೆಯದಕ್ಕಿಂತ ಇದು ಹಗುರ, ನೋಡಲು ಚೆಂದ ಎಂದು ಅಧಿಕಾರಿಗಳು ಭಾವಿಸಿದ್ದರು. ತೊಗಲು ಯಾವ ಪ್ರಾಣಿಯದೆಂಬ ಮಾತು ಅವರಿಗೆ ಹೊಳೆಯಲೇ ಇಲ್ಲ. ಹಸುವಿನದಾದರೆ ಹಿಂದುವಿಗೆ ಆಗದು, ಹಂದಿಯದಾದರೆ ಮುಸಲ್ಮಾನನಿಗೆ ಆಗದು. ಯಾವುದೆಂದು ತಿಳಿಯದಿದ್ದರೆ ಇಬ್ಬರಿಗೂ ಆಗದು.

ಇನ್ನೊಂದು ಮಾತನ್ನು ನೆನಪಿಡಬೇಕು. ಸಂಹಿತೆಯ ಕರಡು ಗವರ್ನರನ ಮಂಡಲಿಯ ಮುಂದೆ ಹೋಯಿತು. ಮಂಡಲಿ ಒಪ್ಪಿಗೆ ಕೊಟ್ಟಿತು. ಹತ್ತನೆಯ ಕಲಮು ಯಾರ ಗಮನವನ್ನೂ ಸೆಳೆಯದೆ ದಾಟಿಹೋಯಿತು. ಗಡ್ಡ ಮೀಸೆಗಳ ವಿಚಾರ ಮಂಡಲಿಯ ದೊಡ್ಡಮನುಷ್ಯರು ಓದಿ ಚರ್ಚಿಸುವಂಥದಲ್ಲವಷ್ಟೆ! ಸಿಪಾಯಿಯ ಮೈಗೆ ಅತ್ಯಂತ ಹತ್ತಿರದ ಕಲಮು ಸರಕಾರದ ಕಣ್ಣಿಗೆ ಅತ್ಯಂತ ದೂರದ್ದಾಗಿತ್ತು.

ಹಣೆಯ ಮೇಲಿನ ಅಕ್ಷರ

ಈಗ ಸಿಪಾಯಿಯ ಕಡೆಯಿಂದ ನೋಡೋಣ. ಮದರಾಸಿನ ಸೈನ್ಯದಲ್ಲಿದ್ದವರು ತಮಿಳರು, ತೆಲುಗರು, ದಕ್ಖನಿ ಮುಸಲ್ಮಾನರು. ಹಿಂದು ಸಿಪಾಯಿಯ ಹಣೆಯ ಮೇಲಿನ ನಾಮವಾಗಲಿ ವಿಭೂತಿಯಾಗಲಿ ಅವನ ಪಾಲಿಗೆ ಅಲಂಕಾರವಲ್ಲ. ಬೆಳಗ್ಗೆ ಮಿಂದ ಮೇಲೆ ಅದನ್ನು ಇಟ್ಟುಕೊಳ್ಳದೆ ಅವನು ಅನ್ನ ಮುಟ್ಟುವಂತಿರಲಿಲ್ಲ. ನಮ್ಮ ಮನೆಗಳಲ್ಲಿಯೂ ಬರಿಹಣೆಯೆಂದರೆ ಸೂತಕದ ಅಥವಾ ಅಮಂಗಳದ ಲಕ್ಷಣವೆಂದು ಹಿರಿಯರು ಗದರಿಸುತ್ತಿದ್ದ ಕಾಲವನ್ನು ವಾಚಕರಲ್ಲಿ ಅನೇಕರು ಕಂಡಿರಬೇಕು. ಮುಸಲ್ಮಾನ ಸಿಪಾಯಿಗೆ ಗಡ್ಡವು ಧರ್ಮದ ಗೌರವ. ಕಿವಿಯ ಒಂಟಿಯ ಹಿಂದೆ ಬಹುವೇಳೆ ಒಂದು ಹರಕೆಯಿರುತ್ತಿತ್ತು: ಮಗು ಬದುಕಿ ಉಳಿಯಲೆಂದು ತಾಯಿ ಪೀರನಿಗೋ ದೇವರಿಗೋ ಹೊತ್ತು ಕಿವಿ ಚುಚ್ಚಿಸಿ ಹಾಕಿದ ಒಂಟಿ ಅದು. ಅದನ್ನು ತೆಗೆಯೆಂದರೆ ಅವನ ಕಿವಿಯನ್ನಲ್ಲ, ಅವನ ತಾಯಿಯ ಮಾತನ್ನು ಕೀಳೆಂದ ಹಾಗೆ.

ಹೀಗೆ ಒಂದೊಂದು ಗುರುತೂ ಸಿಪಾಯಿಯನ್ನು ಅವನ ಮನೆಗೆ, ಕೇರಿಗೆ, ಹೆಣ್ಣು ಕೊಡುವ ನೆಂಟರಿಗೆ ಕಟ್ಟಿಹಾಕಿದ ದಾರವಾಗಿತ್ತು. ಅವನು ಕುಂಪಣಿಯ ಉಪ್ಪು ತಿಂದು ದೂರದ ದೇಶಕ್ಕೆ ಹೋಗಿ ಕಾದುತ್ತಿದ್ದನಾದರೂ ಕೊನೆಗೆ ಬಂದು ಸೇರಬೇಕಾದದ್ದು ಆ ಕೇರಿಗೇ. ಟೊಪ್ಪಿಗೆ ಹಾಕುವವರೆಂದರೆ ಜನರ ಕಣ್ಣಿನಲ್ಲಿ ಇಬ್ಬರೇ: ಪರಂಗಿ, ಇಲ್ಲವೆ ಪರಂಗಿಯ ಮತಕ್ಕೆ ಸೇರಿದವನು. ಟೊಪ್ಪಿಗೆಯಿಟ್ಟು, ಹಣೆ ಒರಸಿ, ಗಡ್ಡ ಬೋಳಿಸಿಕೊಂಡು ಊರಿಗೆ ಹೋದ ಸಿಪಾಯಿಯನ್ನು ಊರವರು ಏನೆಂದು ತಿಳಿಯಬೇಕು? ಫಕೀರರು ಊರೂರು ತಿರುಗಿ ಹಾಸ್ಯ ಮಾಡಿದರು. ಸಮವಸ್ತ್ರಕ್ಕೆ ಸಿಕ್ಕಿಸಿಕೊಳ್ಳುವ ಒಂದು ಕಬ್ಬಿಣದ ಸಲಕರಣೆಯೂ ಶಿಲುಬೆಯಂತೆಯೇ ಇದೆಯೆಂಬ ಗುಸುಗುಸು ಹಬ್ಬಿತು. ಎಲ್ಲರನ್ನೂ ಕ್ರೈಸ್ತರನ್ನಾಗಿ ಮಾಡುವುದಕ್ಕೆ ಇದು ಮೊದಲ ಮೆಟ್ಟಿಲು ಎಂದು ಜನ ನಂಬಿದರು. ಕುಂಪಣಿಗೆ ಅಂಥ ಉದ್ದೇಶವಿರಲಿಲ್ಲ. ಆದರೆ ಉದ್ದೇಶವಿಲ್ಲವೆಂದು ಸಿಪಾಯಿಗೆ ಹೇಳಿದವರಾದರೂ ಯಾರು?

ಛಡಿಯೇಟು, ಆಮೇಲೆ ಗುಂಡು

ಮೇ ತಿಂಗಳ ಮೊದಲ ವಾರದಲ್ಲಿ ವೆಲ್ಲೂರಿನಲ್ಲಿದ್ದ ನಾಲ್ಕನೆಯ ರೆಜಿಮೆಂಟಿನ ಎರಡನೆಯ ಪಟಾಲಮಿನವರು ಹೊಸ ರುಮಾಲನ್ನು ತೊಡುವುದಿಲ್ಲವೆಂದು ಬಾಯಿಬಿಟ್ಟು ಹೇಳಿದರು. ಗಮನಿಸಬೇಕು: ಅವರು ಬಂದೂಕು ಎತ್ತಲಿಲ್ಲ, ಯಾರನ್ನೂ ಹೊಡೆಯಲಿಲ್ಲ, ಒಲ್ಲೆವೆಂದರು, ಅಷ್ಟೆ. ಇಪ್ಪತ್ತೊಂದು ಮಂದಿಯನ್ನು ಮದರಾಸಿಗೆ ಕಳುಹಿಸಿ ಸೈನಿಕ ನ್ಯಾಯಾಲಯದ ಮುಂದೆ ನಿಲ್ಲಿಸಿದರು. ಅವರಲ್ಲಿ ಮುಸಲ್ಮಾನರು ಹತ್ತು, ಹಿಂದುಗಳು ಹನ್ನೊಂದು. ಇಬ್ಬರಿಗೆ ತಲಾ ೯೦೦ ಛಡಿಯೇಟು ಮತ್ತು ವಜಾ. ಉಳಿದ ಹತ್ತೊಂಬತ್ತು ಮಂದಿಗೆ ತಲಾ ೫೦೦ ಏಟು ಎಂದು ತೀರ್ಪಾಯಿತು. ಈ ಹತ್ತೊಂಬತ್ತು ಮಂದಿ ತಪ್ಪೊಪ್ಪಿಕೊಂಡದ್ದರಿಂದ ಅವರಿಗೆ ಕ್ಷಮೆ ಸಿಕ್ಕಿತು. ಆ ಪಟಾಲಮನ್ನು ವೆಲ್ಲೂರಿನಿಂದ ಎಬ್ಬಿಸಿ ಅದರ ಜಾಗಕ್ಕೆ ಬೇರೊಂದನ್ನು ತಂದರು. ಒಲ್ಲೆನೆಂಬ ಮಾತಿಗೆ ಛಡಿಯೇ ಉತ್ತರವೆಂದ ಮೇಲೆ ಮುಂದಿನ ಮಾತು ಗುಟ್ಟಿನಲ್ಲಿ ನಡೆಯಿತು.

ಗುಟ್ಟು ಪೂರ್ತಿ ಗುಟ್ಟಾಗಿಯೂ ಉಳಿಯಲಿಲ್ಲ. ಜೂನ್ ತಿಂಗಳಲ್ಲಿ ಮುಸ್ತಫಾ ಬೇಗ್ ಎಂಬ ಸಿಪಾಯಿ ತನ್ನ ಅಧಿಕಾರಿಯ ಬಳಿಗೆ ಹೋಗಿ ಸಂಚು ನಡೆದಿದೆಯೆಂದು ತಿಳಿಸಿದ. ವಿಚಾರಣೆಯನ್ನು ದೇಶೀ ಅಧಿಕಾರಿಗಳಿಗೇ ಒಪ್ಪಿಸಿದರು. ಅವರಲ್ಲಿ ಸಂಚಿಗೆ ಸೇರಿದವರಿದ್ದರು. ಇವನಿಗೆ ಹುಚ್ಚು ಎಂದು ತೀರ್ಮಾನವಾಯಿತು. ಬೇಗ್ ಸೆರೆಗೆ ಹೋದ. ದಂಗೆಯ ಮೇಲೆ ಅವನಿಗೆ ೨೦೦೦ ವರಹ ಇನಾಮು ಸಿಕ್ಕಿತೆಂಬುದು ಬೇರೆ ಮಾತು.

ಮದರಾಸಿನಲ್ಲಿ ಕ್ರ್ಯಾಡಕ್‌ಗೂ ಜೂನ್ ಕೊನೆಯ ಹೊತ್ತಿಗೆ ಅಳುಕು ಹುಟ್ಟಿತ್ತು. ಸೈನ್ಯದಲ್ಲಿ ಅಸಮಾಧಾನವಿದೆ, ಏನು ಮಾಡೋಣವೆಂದು ಆತ ಗವರ್ನರನನ್ನು ಕೇಳಿದ. ಜುಲೈ ೪ರಂದು ಸರಕಾರದ ಉತ್ತರ ಬಂತು: ಅಪ್ಪಣೆಯನ್ನು ಈಗ ಹಿಂತೆಗೆಯಲಾಗದು. ಒಮ್ಮೆ ಬಾಗಿದರೆ ಮತ್ತೆ ಮತ್ತೆ ಬಾಗಬೇಕಾದೀತೆಂಬುದು ಅಧಿಕಾರದ ಹಳೆಯ ಭಯ. ಸರಕಾರ ಯಾರ ಧರ್ಮಕ್ಕೂ ಕೈಹಾಕುವುದಿಲ್ಲವೆಂದು ಸಾರುವ ಒಂದು ಪ್ರಕಟಣೆಯನ್ನು ಸಿದ್ಧಪಡಿಸಿದರಾದರೂ ಅದು ಸಿಪಾಯಿಗಳ ಕಿವಿಗೆ ಬೀಳಲಿಲ್ಲ. ಆ ಹೊತ್ತಿಗೆ ಉಳಿದಿದ್ದದ್ದು ಆರೇ ದಿನ.

ವೆಲ್ಲೂರಿನ ಕೋಟೆ ನಮ್ಮ ನಾಡಿನ ಚರಿತ್ರೆಗೆ ಹೊರಗಿನದಲ್ಲ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ ಮಡಿದ ಮೇಲೆ ಅವನ ಮಕ್ಕಳನ್ನೂ ಅಂತಃಪುರವನ್ನೂ ಕುಂಪಣಿಯವರು ತಂದಿರಿಸಿದ್ದು ಇಲ್ಲಿಯೇ. ಅವರ ಹಿಂದೆ ಮೈಸೂರು ಸೀಮೆಯ ಎಷ್ಟೋ ಜನ ಬಂದು ಕೋಟೆಯ ಸುತ್ತ ನೆಲೆಸಿದ್ದರು. ಜುಲೈ ೯ರಂದು ಅರಮನೆಯಲ್ಲಿ ಟಿಪ್ಪುವಿನ ಮಗಳೊಬ್ಬಳ ಮದುವೆಯ ಸಂಭ್ರಮ. ಆ ರಾತ್ರಿ ಕಳೆದು ಬೆಳಗಿನ ಜಾವದಲ್ಲಿ ಗುಂಡು ಹಾರಿತು. ಕೋಟೆಯಲ್ಲಿ ಸುಮಾರು ೧೫೦೦ ದೇಶೀ ಸಿಪಾಯಿಗಳು, ಸುಮಾರು ೩೭೦ ಬಿಳಿಯ ಸೋಲ್ಜರುಗಳು. ಕೋಟೆಯ ಅಧಿಕಾರಿ ಕರ್ನಲ್ ಫ್ಯಾನ್‌ಕೋರ್ಟ್ ಗುಂಡೇಟಿಗೆ ಬಲಿಯಾದ. ಮಲಗಿದ್ದ ಸೋಲ್ಜರುಗಳೂ ಆಸ್ಪತ್ರೆಯಲ್ಲಿದ್ದ ರೋಗಿಗಳೂ ಹತರಾದರು. ಹದಿನಾಲ್ಕು ಅಧಿಕಾರಿಗಳೂ ೬೯ನೆಯ ರೆಜಿಮೆಂಟಿನ ನೂರಕ್ಕೆ ಮೀರಿದ ಸೋಲ್ಜರುಗಳೂ ಸತ್ತರು. ಕೋಟೆಯ ಮೇಲೆ ಟಿಪ್ಪುವಿನ ಹುಲಿಪಟ್ಟೆಯ ಬಾವುಟ ಏರಿತು.

ಆದರೆ ಕೋಟೆ ಗೆದ್ದ ಸಿಪಾಯಿಗಳು ಬಾಗಿಲು ಭದ್ರಪಡಿಸುವುದನ್ನು ಬಿಟ್ಟು ಲೂಟಿಗೆ ಬಿದ್ದರು. ಸುದ್ದಿ ಆರ್ಕಾಟಿಗೆ ಮುಟ್ಟಿತು. ಅಲ್ಲಿಂದ ಕರ್ನಲ್ ರಾಲೋ ಗಿಲೆಸ್ಪಿ ಕುದುರೆ ಸವಾರರನ್ನು ಕರೆದುಕೊಂಡು ಧಾವಿಸಿದ. ಬಾಗಿಲ ಮೇಲಣ ಬುರುಜಿನಲ್ಲಿ ಅಳಿದುಳಿದ ಸೋಲ್ಜರುಗಳು ಜೀವ ಹಿಡಿದು ನಿಂತಿದ್ದರು. ಗಿಲೆಸ್ಪಿಯನ್ನು ಹಗ್ಗದಿಂದ ಮೇಲಕ್ಕೆ ಎಳೆದುಕೊಂಡರು. ಹಿಂದಿನಿಂದ ತೋಪುಗಳು ಬಂದು ಬಾಗಿಲನ್ನು ಒಡೆದವು. ಸವಾರರು ಒಳನುಗ್ಗಿದ ಮೇಲೆ ನಡೆದದ್ದು ಯುದ್ಧವಲ್ಲ, ಸಂಹಾರ. ಅರಮನೆಯಲ್ಲಿ ಅಡಗಿದ್ದ ನೂರು ಮಂದಿಯನ್ನು ಹೊರಗೆಳೆದು ಗೋಡೆಗೆ ನಿಲ್ಲಿಸಿ ಗುಂಡಿಕ್ಕಿದರು. ಆ ದಿನ ಸತ್ತ ಸಿಪಾಯಿಗಳ ಸಂಖ್ಯೆ ಕಡಮೆಯೆಂದರೂ ೩೫೦ ಎಂದು ಹೇಳುತ್ತಾರೆ. ಆಮೇಲೆ ವಿಚಾರಣೆ, ಕೆಲವರಿಗೆ ನೇಣು, ಕೆಲವರಿಗೆ ಗುಂಡು, ಆರು ಮಂದಿಗೆ ತೋಪಿನ ಬಾಯಿ.

ಮನ್ರೋ ಹೇಳಿದ್ದು

ವಿಚಾರಣಾ ಮಂಡಲಿ ಆಗಸ್ಟಿನಲ್ಲಿ ಎರಡು ಕಾರಣಗಳನ್ನು ಕೊಟ್ಟಿತು: ಉಡುಪಿನ ಬದಲಾವಣೆಯೊಂದು, ಟಿಪ್ಪುವಿನ ಮಕ್ಕಳು ಅಲ್ಲಿದ್ದದ್ದು ಇನ್ನೊಂದು. ಅಧಿಕಾರಿಗಳಿಗೆ ಎರಡನೆಯ ಕಾರಣ ಬಹಳ ಅನುಕೂಲವಾಗಿತ್ತು. ಪಿತೂರಿಯೆಂದರೆ ತಮ್ಮ ತಪ್ಪು ತೂಕದಲ್ಲಿ ಇಳಿಯುತ್ತದೆ. ರಾಜಕುಮಾರರನ್ನು ಕಲ್ಕತ್ತೆಗೆ ಸಾಗಿಸಿಬಿಟ್ಟರು.

ಆಗ ಬಳ್ಳಾರಿ, ಅನಂತಪುರಗಳ ಸೀಮೆಯನ್ನು ಆಳುತ್ತಿದ್ದವನು ಥಾಮಸ್ ಮನ್ರೋ. ಅದಕ್ಕೂ ಮೊದಲು ಕನ್ನಡ ಜಿಲ್ಲೆಯಲ್ಲಿ ಕಲೆಕ್ಟರನಾಗಿದ್ದವನು. ರೈತರ ಜಗಲಿಯಲ್ಲಿ ಕೂತು ಅವರ ಮಾತನ್ನು ಕೇಳಿ ಅಭ್ಯಾಸವಿದ್ದವನು. ಬೆಂಟಿಂಕ್ ಇವನ ಅಭಿಪ್ರಾಯ ಕೇಳಿದಾಗ ಆಗಸ್ಟ್ ೧೧ರಂದು ಅನಂತಪುರದಿಂದ ಬರೆದ ಕಾಗದದಲ್ಲಿ ಮನ್ರೋ ಪಿತೂರಿಯ ಕಥೆಗೆ ಬೆಲೆ ಕೊಡಲಿಲ್ಲ. ಯುರೋಪಿನವರಿಗೆ ಎಷ್ಟೇ ವಿಚಿತ್ರವಾಗಿ ಕಂಡರೂ, ತಮ್ಮನ್ನು ಕ್ರೈಸ್ತರನ್ನಾಗಿ ಮಾಡುವುದೇ ಈ ಅಪ್ಪಣೆಗಳ ಉದ್ದೇಶವೆಂದು ಜನ ನಿಜವಾಗಿಯೂ ನಂಬಿದ್ದರೆಂಬುದು ಅವನ ಮಾತಿನ ಸಾರ. ಕಾಗದಪತ್ರಗಳನ್ನು ಓದಿದವರಿಗೂ ಜನರನ್ನು ಕಂಡವನಿಗೂ ಇದ್ದ ಅಂತರ ಇಷ್ಟು.

ಕಿಡಿ ವೆಲ್ಲೂರಿನಲ್ಲಿಯೇ ಆರಲಿಲ್ಲ. ಅದೇ ಜುಲೈಯಲ್ಲಿ ಸರಕಾರ ರುಮಾಲು, ನಾಮ, ಒಂಟಿಗಳ ಅಪ್ಪಣೆಯನ್ನು ಹಿಂತೆಗೆದುಕೊಂಡಿತಾದರೂ ಒಮ್ಮೆ ಹೋದ ನಂಬಿಕೆ ಅಪ್ಪಣೆಯ ಹಿಂದೆಯೇ ಹಿಂತಿರುಗಿ ಬರುವುದಿಲ್ಲ. ಅಕ್ಟೋಬರ್ ೧೮ರಂದು ನಮ್ಮ ನಂದಿದುರ್ಗದಲ್ಲಿದ್ದ ಸಿಪಾಯಿಗಳು ಏಳುವರೆಂಬ ಸುಳಿವು ಸಿಕ್ಕಿ, ಬೆಂಗಳೂರಿನಿಂದ ಕುದುರೆಪಡೆ ಓಡಿಬಂದು ಕೆಡುಕು ತಪ್ಪಿತು. ಭಾನುವಾರದ ಬುತ್ತಿ ಕಟ್ಟಿಕೊಂಡು ನಂದಿಬೆಟ್ಟಕ್ಕೆ ಹೋಗುವ ನಾವು ಅಲ್ಲಿ ಟಿಪ್ಪುವಿನ ಕಡಿದಾದ ಬಂಡೆಯನ್ನು ನೋಡಿ ಮೈನವಿರೇಳಿಸಿಕೊಳ್ಳುತ್ತೇವೆ. ಒಂದು ರುಮಾಲಿನ ಕಥೆಯ ಕೊನೆಯ ಅಧ್ಯಾಯಗಳಲ್ಲೊಂದು ಅಲ್ಲಿಯೂ ನಡೆಯಿತೆಂಬುದನ್ನು ಯಾರೂ ಹೇಳುವುದಿಲ್ಲ.

೧೮೦೭ರಲ್ಲಿ ಕುಂಪಣಿಯ ನಿರ್ದೇಶಕರು ಬೆಂಟಿಂಕ್‌ನನ್ನೂ ಕ್ರ್ಯಾಡಕ್‌ನನ್ನೂ ವಾಪಸು ಕರೆಸಿಕೊಂಡರು. ಬೆಂಟಿಂಕ್ ೧೮೨೮ರಲ್ಲಿ ಗವರ್ನರ್ ಜನರಲ್ ಆಗಿ ಮತ್ತೆ ಬಂದ. ೧೮೩೧ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನು ತೆಗೆದುಕೊಂಡವನು ಇವನೇ. ೧೮೩೫ರಲ್ಲಿ ದೇಶೀ ಸೈನ್ಯದಲ್ಲಿ ಛಡಿಯೇಟಿನ ಶಿಕ್ಷೆಯನ್ನು ನಿಲ್ಲಿಸಿದವನೂ ಇವನೇ. ಆ ಆಜ್ಞೆಗೆ ರುಜು ಹಾಕುವಾಗ ೯೦೦ ಏಟಿನ ಆ ಇಬ್ಬರು ಸಿಪಾಯಿಗಳ ನೆನಪು ಅವನಿಗೆ ಬಂದಿತ್ತೋ ಏನೋ.

ತೊಡರು ಮತ್ತು ಅಪ್ಪಣೆ

ಕ್ರ್ಯಾಡಕ್‌ನ ಪರವಾಗಿ ಒಂದು ವಾದವಿದೆ. ಅದು ತೂಕವುಳ್ಳ ವಾದ. ಹತ್ತನೆಯ ಕಲಮಿನಲ್ಲಿ ಹೊಸದೇನೂ ಇರಲಿಲ್ಲ. ಅನೇಕ ಪಟಾಲಮುಗಳಲ್ಲಿ ಸಿಪಾಯಿಗಳು ಕವಾಯತಿಗೆ ಬರುವಾಗ ತಾವಾಗಿಯೇ ನಾಮ ಒರಸಿಕೊಂಡು, ಒಂಟಿ ತೆಗೆದಿಟ್ಟು ಬರುತ್ತಿದ್ದರು. ರೂಢಿಯಲ್ಲಿದ್ದದ್ದನ್ನೇ ಬರೆದಿಟ್ಟೆವು ಎಂದು ಅಪ್ಪಣೆಯ ಕಡೆಯವರು ಹೇಳಿದರು. ಹಾಗಾದರೆ ನಿನ್ನೆಯವರೆಗೆ ಮಾಡುತ್ತಿದ್ದುದನ್ನು ಇಂದು ಮಾಡೆಂದಾಗ ಸಿಪಾಯಿ ಯಾಕೆ ಕೆರಳಿದ?

ಇಡೀ ಪ್ರಕರಣದ ತಿರುಳು ಇಲ್ಲಿದೆಯೆಂದು ನನಗೆ ತೋರುತ್ತದೆ. ತಾನಾಗಿ ಒರಸಿಕೊಂಡ ನಾಮ ಕವಾಯತು ಮುಗಿದ ಮೇಲೆ ಮತ್ತೆ ಹಣೆಗೆ ಬರುತ್ತದೆ. ಅದು ಸಿಪಾಯಿ ತನ್ನ ದೊರೆಗೆ ತೋರಿದ ದಾಕ್ಷಿಣ್ಯ. ಅಪ್ಪಣೆಯಿಂದ ಒರಸಿದ ನಾಮ ಹಾಗಲ್ಲ. ಅಲ್ಲಿ ಹಣೆಯೇ ಸರಕಾರದ್ದೆಂದಾಯಿತು. ಎರಡರಲ್ಲಿಯೂ ಕಣ್ಣಿಗೆ ಕಾಣುವುದು ಒಂದೇ, ನಾಮವಿಲ್ಲದ ಹಣೆ. ಒಳಗಿನ ಅರ್ಥ ಮಾತ್ರ ತಲೆಕೆಳಗು.

ಕನ್ನಡ ಪಾಠ ಹೇಳುವ ನನಗೆ ಇದನ್ನು ಯೋಚಿಸುವಾಗ ಹಳೇಬೀಡಿನ ಒಂದು ಕಂಬ ನೆನಪಾಗುತ್ತದೆ. ಹೊಯ್ಸಳೇಶ್ವರ ದೇವಾಲಯದ ಪ್ರಾಕಾರದಲ್ಲಿರುವ ಆ ಕಂಬ ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನದು. ದೊರೆಯೊಡನೆಯೇ ಬದುಕು, ದೊರೆಯೊಡನೆಯೇ ಸಾವು ಎಂದು ಭಾಷೆ ಕೊಟ್ಟು ಆತ ಎಡಗಾಲಿಗೆ ವೀರನ ತೊಡರನ್ನು ತೊಟ್ಟಿದ್ದನೆಂದೂ, ಬಲ್ಲಾಳ ಸತ್ತಾಗ ಹೆಂಡತಿಯೊಡನೆಯೂ ತನ್ನ ಸಾವಿರ ವೀರರೊಡನೆಯೂ ಪ್ರಾಣ ಕೊಟ್ಟನೆಂದೂ ಶಾಸನ ಹೇಳುತ್ತದೆ. ಆ ಪದ್ಧತಿಯನ್ನು ನಾನು ಹೊಗಳುತ್ತಿಲ್ಲ. ಸಾವಿರ ಮಂದಿ ಒಬ್ಬನಿಗಾಗಿ ಸಾಯುವುದು ನಮಗೆ ಇಂದು ಒಪ್ಪಿಗೆಯಾಗದು. ಆದರೆ ಸೈನಿಕನ ಮೈಮೇಲಿನ ಗುರುತಿಗೆ ಆ ಕಾಲದಲ್ಲಿದ್ದ ಅರ್ಥವನ್ನು ನೋಡಬೇಕು. ತೊಡರು ಲಕ್ಷ್ಮನ ಮಾತು. ಅವನೇ ಆಡಿ ಅವನೇ ತೊಟ್ಟ ಮಾತು. ವೆಲ್ಲೂರಿನ ತೊಗಲ ಬಿಲ್ಲೆ ಬೇರೆಯವರು ಆಡಿ ಇವನ ತಲೆಯ ಮೇಲೆ ಕೂರಿಸಿದ ಮಾತು.

ಇನ್ನೊಂದು ಸೋಜಿಗ ನೋಡಿ. ಸಿಪಾಯಿ ತನ್ನ ಹಣೆಯ ಮೇಲೆ ತಾನು ಗುರುತು ಇಡಕೂಡದೆಂದ ಅದೇ ಕುಂಪಣಿ ಸರಕಾರ ಬಂಗಾಳದಲ್ಲಿ ೧೭೯೭ರ ಕಾನೂನಿನ ಪ್ರಕಾರ ಜೀವಾವಧಿ ಕೈದಿಗಳ ಹಣೆಯ ಮೇಲೆ ಅವರ ಹೆಸರು, ಅಪರಾಧ, ಶಿಕ್ಷೆಯ ತಾರೀಖುಗಳನ್ನು ಹಚ್ಚೆ ಹೊಯ್ಯಿಸುತ್ತಿತ್ತು. ಗೋದ್ನಾ ಎಂದು ಅದರ ಹೆಸರು. ಮದರಾಸಿಗೂ ಆ ಪದ್ಧತಿ ಬಂತು. ೧೮೪೯ರಲ್ಲಿ ಅದು ನಿಂತಿತು. ಅಲ್ಲಿಯವರೆಗೆ ಬಿಡುಗಡೆಯಾದ, ತಪ್ಪಿಸಿಕೊಂಡ ಎಷ್ಟೋ ನತದೃಷ್ಟರು ರುಮಾಲನ್ನು ಹುಬ್ಬಿನವರೆಗೆ ಇಳಿಸಿ ಸುತ್ತಿ ಆ ಅಕ್ಷರಗಳನ್ನು ಮುಚ್ಚಿಕೊಂಡು ತಿರುಗಿದರು. ತಮ್ಮ ಬಿಳಿಯ ಸೋಲ್ಜರುಗಳನ್ನೂ ಇಂಗ್ಲೀಷರು ಬಿಟ್ಟಿರಲಿಲ್ಲ: ಸೈನ್ಯದಿಂದ ಓಡಿಹೋದವನು ಸಿಕ್ಕಿದರೆ ಅವನ ಚರ್ಮದ ಮೇಲೆ ಇಂಗ್ಲೀಷಿನ ‘ಡಿ’ ಅಕ್ಷರವನ್ನು ಸೂಜಿಯಿಂದ ಚುಚ್ಚಿ ಮಸಿ ತುಂಬುತ್ತಿದ್ದರು, ೧೮೭೧ರವರೆಗೆ ಈ ಶಿಕ್ಷೆ ಇತ್ತು. ಅಂದರೆ ಮೈಮೇಲೆ ಗುರುತು ಇರಬಾರದೆಂಬ ತತ್ತ್ವವೇನೂ ಅವರಿಗಿರಲಿಲ್ಲ. ಗುರುತು ಹಾಕುವ ಕೈ ಯಾರದೆಂಬುದೇ ಪ್ರಶ್ನೆಯಾಗಿತ್ತು.

ಏಕರೂಪವೆಂಬುದು ಶಾಶ್ವತವಾದ ರೂಪವೂ ಅಲ್ಲ. ವೆಲ್ಲೂರಿನ ಸಿಪಾಯಿಗೆ ಮುಖಕ್ಷೌರದ ಪಾಠ ಹೇಳುತ್ತಿದ್ದ ಕಾಲದಲ್ಲಿ ಬ್ರಿಟಿಷ್ ಸೋಲ್ಜರನ ತಲೆಯ ಹಿಂದೆ ಹಿಟ್ಟು ಬಳಿದ ಒಂದು ಜಡೆ ನೇತಾಡುತ್ತಿತ್ತು. ಅದನ್ನು ಕತ್ತರಿಸಲು ಅಪ್ಪಣೆಯಾದದ್ದು ೧೮೦೮ರಲ್ಲಿ. ಮುಂದೆ ಅದೇ ಸೈನ್ಯದಲ್ಲಿ ಮೇಲ್ದುಟಿ ಬೋಳಿಸಕೂಡದು, ಮೀಸೆ ಕಡ್ಡಾಯ ಎಂಬ ನಿಯಮ ಬಂತು. ೧೯೧೬ರ ಅಕ್ಟೋಬರಿನಲ್ಲಿ, ಮಹಾಯುದ್ಧದ ನಡುವೆ, ಅದೂ ಹೋಯಿತು. ವೆಲ್ಲೂರಿನಲ್ಲಿ ಗಡ್ಡ ಬೋಳಿಸೆಂದವರ ಉತ್ತರಾಧಿಕಾರಿಗಳು ಪಂಜಾಬಿನಲ್ಲಿ ಸಿಖ್ಖರನ್ನು ಸೈನ್ಯಕ್ಕೆ ಸೇರಿಸುವಾಗ ಕೇಶ ಗಡ್ಡಗಳನ್ನು ಉಳಿಸಿಕೊಂಡಿರಲೇಬೇಕೆಂದು ಒತ್ತಾಯಪಡಿಸಿದರು. ೨೦೨೪ರ ಮಾರ್ಚಿನಲ್ಲಿ ಬ್ರಿಟಿಷ್ ಸೈನ್ಯವೇ ತನ್ನವರಿಗೆ ಗಡ್ಡ ಬಿಡಲು ಅನುಮತಿ ಕೊಟ್ಟಿತು. ಅಂದು ಬಂಡೆಗಲ್ಲಿನ ಮೇಲೆ ಕೆತ್ತಿದ ನಿಯಮವೆಂದು ಸಾಧಿಸಿದ್ದು ಇಂದು ಮರಳಿನ ಮೇಲಿನ ಗೀಟು.

ಒಳಮುಂಗೈಯ ಹಚ್ಚೆ

ಇದೆಲ್ಲ ಹಳೆಯ ಕಥೆಯೆನ್ನುವಂತಿಲ್ಲ. ನಮ್ಮ ಕಾಲೇಜಿನ ಹುಡುಗರಲ್ಲಿ ಕೆಲವರು ಪ್ರತಿವರ್ಷ ಸೈನ್ಯದ ಭರ್ತಿಗೆ ಹೋಗುತ್ತಾರೆ. ಅವರಲ್ಲೊಬ್ಬ ಭರ್ತಿಯ ಪ್ರಕಟಣೆಯನ್ನು ತಂದು ನನ್ನ ಮುಂದಿಟ್ಟ. ನಮ್ಮ ಸೈನ್ಯದ ನಿಯಮ ಹೀಗಿದೆ: ಶಾಶ್ವತವಾದ ಹಚ್ಚೆ ಮುಂಗೈಯ ಒಳಭಾಗದಲ್ಲಿ, ಅಂದರೆ ಮೊಣಕೈಯ ಒಳಮಗ್ಗುಲಿನಿಂದ ಮಣಿಕಟ್ಟಿನವರೆಗೆ, ಮತ್ತು ಅಂಗೈಯ ಹಿಂಬದಿಯಲ್ಲಿ ಇರಬಹುದು; ಮೈಯ ಬೇರೆ ಕಡೆಯಲ್ಲಿದ್ದರೆ ಆಯ್ಕೆಯಿಲ್ಲ. ಹುಡುಗ ತೋಳು ಮೇಲಕ್ಕೆ ಸರಿಸಿದ. ಹೆಗಲಿನ ಕೆಳಗೆ, ಜಾತ್ರೆಯಲ್ಲಿ ಹಾಕಿಸಿಕೊಂಡ ಹಸಿರು ಅಕ್ಷರದಲ್ಲಿ, ‘ಅವ್ವ’ ಎಂದಿತ್ತು. “ಇದನ್ನ ತೆಗೆಸಿದ್ರ ಅವ್ವಗ ಏನ್ ಹೇಳ್ಲಿ ಸರ್?” ಎಂದು ಕೇಳಿದ.

ನಮ್ಮ ಹಳ್ಳಿಗಳಲ್ಲಿ ಹಚ್ಚೆಯನ್ನು ಸತ್ತಾಗಲೂ ಜೊತೆಗೆ ಬರುವ ಒಡವೆ ಎನ್ನುತ್ತಾರೆ. ಬೆಳ್ಳಿ ಬಂಗಾರಗಳನ್ನು ಬಿಚ್ಚಿಕೊಳ್ಳುತ್ತಾರೆ, ಇದನ್ನು ಯಾರೂ ಬಿಚ್ಚಿಕೊಳ್ಳಲಾರರು ಎಂಬ ನೆಮ್ಮದಿಯಿಂದ ಬಡವರ ಮನೆಯ ಹೆಣ್ಣುಮಕ್ಕಳು ಕೊರವಂಜಿಯ ಮುಂದೆ ಕೈ ಚಾಚಿ ನೋವು ನುಂಗುತ್ತಿದ್ದರು. ಆ ಭಾವನೆ ಹುಡುಗನ ತೋಳಿನ ಮೇಲಿದೆ. ಎದುರಿಗಿರುವ ವೈದ್ಯಾಧಿಕಾರಿಗೆ ಅದು ಅಳತೆ ಮೀರಿದ ಜಾಗದಲ್ಲಿರುವ ಒಂದು ಕಲೆ. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿ. ನಿಯಮ ನಿಯಮವೇ, ಬಾಬು. ಅರ್ಜಿ ಹಾಕುವ ಮೊದಲು ಯೋಚಿಸು ಎಂದಷ್ಟೇ ನಾನು ಹೇಳಬಹುದಾಗಿತ್ತು. ಹಾಗೆಯೇ ಹೇಳಿದೆ.

ಆದರೆ ಅದೇ ಪ್ರಕಟಣೆಯ ಮುಂದಿನ ಸಾಲು ನನಗೆ ಸಮಾಧಾನ ಕೊಟ್ಟಿತು. ಬುಡಕಟ್ಟಿನ ಜನರಿಗೆ, ಅವರ ರೂಢಿ ಸಂಪ್ರದಾಯಗಳಂತೆ ಮೈಮೇಲೆ ಹಚ್ಚೆಯಿದ್ದರೆ, ವಿನಾಯಿತಿ ಉಂಟು. ಮುಖದ ಮೇಲೂ ಮೈಯ ಮೇಲೂ ಹಚ್ಚೆ ಹಾಕಿಸಿಕೊಳ್ಳುವ ಬುಡಕಟ್ಟುಗಳು ನಮ್ಮ ದೇಶದಲ್ಲಿವೆ. ಆ ಹಚ್ಚೆ ಅವರಿಗೆ ಏನೆಂಬುದನ್ನು ಯಾರೋ ಒಬ್ಬರು ವಿಚಾರಿಸಿ ತಿಳಿದುಕೊಂಡು ಬರೆದ ಸಾಲು ಅದು. ೧೮೦೬ರ ಹತ್ತನೆಯ ಕಲಮಿನಲ್ಲಿ ಇಲ್ಲದಿದ್ದದ್ದು ಅಂಥ ಒಂದು ಸಾಲು.

ವಿನಾಯಿತಿಯೆಂದರೆ ಎಲ್ಲರಿಗೂ ಎಲ್ಲವೂ ಎಂದಲ್ಲ. ೨೦೧೬ರ ಡಿಸೆಂಬರಿನಲ್ಲಿ, ಗಡ್ಡ ಬಿಡಲು ಅನುಮತಿ ಕೇಳಿದ ವಾಯುಸೇನೆಯ ಮುಸಲ್ಮಾನ ಸೈನಿಕನೊಬ್ಬನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸೇನೆಯ ಪರವಾಗಿಯೇ ತೀರ್ಪು ಕೊಟ್ಟಿತು. ಕೂದಲು ತೆಗೆಯುವುದನ್ನೇ ನಿಷೇಧಿಸುವ ಧರ್ಮದವರಿಗೆ ಮಾತ್ರ ವಾಯುಸೇನೆಯ ನಿಯಮದಲ್ಲಿ ಅವಕಾಶವಿದೆ. ಏಕರೂಪತೆಯೂ ಒಗ್ಗಟ್ಟೂ ಸೇನೆಗೆ ಬೇಕು ಎಂದಿತು. ತೀರ್ಪಿನ ಬಗೆಗೆ ಭಿನ್ನಾಭಿಪ್ರಾಯ ಇರಬಹುದು, ಇದೆ. ಆದರೂ ಸೈನಿಕ ತನ್ನ ಗಡ್ಡದ ಮಾತನ್ನು ದೇಶದ ಅತ್ಯುನ್ನತ ನ್ಯಾಯಪೀಠದ ಮುಂದೆ ನಿಂತು ಆಡಿದ. ನ್ಯಾಯಾಧೀಶರು ಅವನ ಧರ್ಮ ಏನು ವಿಧಿಸುತ್ತದೆಂದು ವಿಚಾರಿಸಿದರು. ಒಲ್ಲೆನೆಂದದ್ದಕ್ಕೆ ೯೦೦ ಏಟು ತಿಂದವರ ಕಾಲಕ್ಕೂ ಇದಕ್ಕೂ ನಡುವೆ ನ್ಯಾಯ ಎಷ್ಟು ದೂರ ನಡೆದುಬಂದಿದೆಯೆಂಬುದನ್ನು ಮರೆಯಬಾರದು.

ಸೈನ್ಯಕ್ಕೆ ಶಿಸ್ತು ಬೇಕು. ಶಿಸ್ತಿಗೆ ನಿಯಮ ಬೇಕು. ನಿಯಮ ಕೆಲವೊಮ್ಮೆ ಮನುಷ್ಯನ ಚರ್ಮದವರೆಗೂ ಬರಬೇಕಾಗುತ್ತದೆ. ಇದನ್ನು ವೆಲ್ಲೂರಿನ ಸಿಪಾಯಿಗಳೂ ಅಲ್ಲಗಳೆಯುತ್ತಿರಲಿಲ್ಲ. ಕುಂಪಣಿಯ ಕೆಂಪು ಅಂಗಿಯನ್ನು ತೊಟ್ಟು ವರ್ಷಗಟ್ಟಲೆ ಹೋರಾಡಿದವರೇ ಅವರು. ಅವರು ಬಯಸಿದ್ದು ಚರ್ಮವನ್ನು ಮುಟ್ಟುವ ಮೊದಲು ಒಂದು ಮಾತು ಕೇಳಬೇಕೆಂಬುದಷ್ಟೆ. ಕೇಳಿದ್ದರೆ ತೊಗಲ ಬಿಲ್ಲೆಯ ಜಾಗದಲ್ಲಿ ಬಟ್ಟೆಯ ಬಿಲ್ಲೆ ಬರುತ್ತಿತ್ತು; ನಾಮ ಎಂದಿನಂತೆ ಕವಾಯತಿಗೆ ಮುಂಚೆ ಅಳಿಸಿ, ಕವಾಯತಿನ ಮೇಲೆ ಮೂಡುತ್ತಿತ್ತು. ಮದರಾಸಿನ ಮಂಡಲಿಗೆ ಅದಕ್ಕೆ ತಗಲುತ್ತಿದ್ದದ್ದು ಅರ್ಧ ದಿನದ ಮಾತುಕತೆ.

೨೦೦೬ರಲ್ಲಿ, ಇನ್ನೂರು ವರ್ಷ ತುಂಬಿದಾಗ, ನಮ್ಮ ಅಂಚೆ ಇಲಾಖೆ ವೆಲ್ಲೂರು ದಂಗೆಯ ನೆನಪಿಗೆ ಒಂದು ಅಂಚೆಚೀಟಿ ತಂದಿತು. ಸ್ವಾತಂತ್ರ್ಯ ಸಂಗ್ರಾಮದ ಮೊದಲ ಕಿಡಿಗಳಲ್ಲಿ ಅದೂ ಒಂದೆಂದು ಈಗ ಎಣಿಸುತ್ತೇವೆ; ಅದು ಸರಿಯೇ. ಆದರೆ ಆ ನಸುಕಿನಲ್ಲಿ ಬಂದೂಕು ಹಿಡಿದವನಿಗೆ ಸ್ವಾತಂತ್ರ್ಯವೆಂಬ ದೊಡ್ಡ ಶಬ್ದ ಗೊತ್ತಿತ್ತೋ ಇಲ್ಲವೋ, ತನ್ನ ಹಣೆ ತನ್ನದೆಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.